ಏಳನೆಯ ಮನೆಯ ಅಕ್ಕೋರು

ನಮ್ಮ ಓಣಿಯ ಏಳನೆಯ ಮನೆಗೆ ಬೀಗ ಬಿದ್ದು ಹದಿನೈದು ದಿನವಾಯಿತು. ಈ ಹದಿನೈದು ದಿನದಲ್ಲಿ ನನ್ನನ್ನು ನಿಲ್ಲಿಸಿ ಮಾತಾಡಿಸಿದವರೆಲ್ಲ ಕೇಳಿದ್ದು ಒಂದೇ. ಹಾಲಿನವನು ಕೇಳಿದ, ಶಾಲೆಯ ಗುಮಾಸ್ತ ಕೇಳಿದ, ಕ್ಷೌರದ ಅಂಗಡಿಯಲ್ಲಿ ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕುಳಿತಿದ್ದವನೊಬ್ಬ ಕನ್ನಡಿಯಲ್ಲೇ ನನ್ನನ್ನು ಹಿಡಿದು ಕೇಳಿದ. "ಸರ, ಆ ಮನಿ ಯಾರಿಗೆ ಕೊಡ್ತಾರಂತ್ರಿ?" ಅಲ್ಲಿದ್ದವರು ಎಲ್ಲಿಗೆ ಹೋದರು ಎಂದು ಒಬ್ಬರೂ ಕೇಳಲಿಲ್ಲ. ಅದನ್ನು ತಪ್ಪು ಅನ್ನಲಾರೆ. ರಾಣೆಬೆನ್ನೂರಿನಲ್ಲಿ ಬಾಡಿಗೆ ಮನೆ ಹುಡುಕಿ ಸೋತವನಿಗೆ ಖಾಲಿ ಮನೆ ಕಂಡರೆ ಮೊದಲು ನೆನಪಾಗುವುದು ನಲ್ಲಿ, ಆಮೇಲೆ ಬಾಡಿಗೆ. ಮನುಷ್ಯರು ನೆನಪಾಗುವಷ್ಟು ಪುರುಸೊತ್ತು ಅವನಿಗೆ ಇರುವುದಿಲ್ಲ.

ಅಲ್ಲಿದ್ದವರು ನಮ್ಮ ಶಾಲೆಯ ಕನ್ನಡದ ಅಕ್ಕೋರು. ನಿವೃತ್ತರಾಗಿ ಹಾವೇರಿಯ ತಂಗಿಯ ಮನೆಗೆ ಹೋದರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುವುದಿಲ್ಲ ಎಂದು ಗೊತ್ತು. ಅಲ್ಲದೆ ಈ ಊರಿನಲ್ಲಿ ಆ ಹೆಸರು ಹೇಳಿ ಹೇಳಿ ಅವರೇ ಬೇಸತ್ತಿದ್ದರು.

ನಾನೂ ಇದೇ ಸಾಲಿನವನು, ಒಂಬತ್ತನೆಯ ಮನೆ. ಅವರಿದ್ದ ಖಾಸಗಿ ಹೈಸ್ಕೂಲಿನಲ್ಲೇ ಚಿತ್ರಕಲೆ ಕಲಿಸುತ್ತೇನೆ. ಚಿತ್ರಕಲೆಯ ಮೇಷ್ಟ್ರು ಎಂದರೆ ಉಳಿದ ಮೇಷ್ಟ್ರುಗಳು ರಜೆ ಹಾಕಿದಾಗ ತರಗತಿ ಕಾಯುವವನು, ಸಭೆ ಸಮಾರಂಭಕ್ಕೆ ಬೋರ್ಡು ಬರೆಯುವವನು. ನಮಗೆ ಸಂಬಳ ಕೊಡುವುದು ಸರ್ಕಾರವಲ್ಲ, ಆಡಳಿತ ಮಂಡಳಿ. ಹುದ್ದೆ ಇವತ್ತು ಮಂಜೂರಾಗುತ್ತದೆ, ನಾಳೆ ಆಗುತ್ತದೆ ಎನ್ನುತ್ತಲೇ ನನ್ನ ತಲೆ ಬೆಳ್ಳಗಾಯಿತು. ಅಕ್ಕೋರು ಆ ಮಂಜೂರಾತಿಗೆ ಕಾದೇ ನಿವೃತ್ತರಾದರು. ಪಿಂಚಣಿ ಇಲ್ಲ. ಒಂದು ಶಾಲು, ಒಂದು ತಟ್ಟೆ ಹಣ್ಣು.

ಇಂಥ ಸಂಬಳದವರು ಈ ಬಡಾವಣೆಯಲ್ಲಿ ಇರಲು ಸಾಧ್ಯವಾಗಿದ್ದು ಧರ್ಮದ ಮನೆಗಳಿಂದ. ಹಿಂದೆ ಹತ್ತಿ ವ್ಯಾಪಾರದಲ್ಲಿ ಗಳಿಸಿದ ಸಾಹುಕಾರರೊಬ್ಬರು, ಊರಿನಲ್ಲಿ ದುಡಿಯುವ ಬಡವರಿಗೆಂದು ಹನ್ನೊಂದು ಮನೆಗಳ ಒಂದು ಸಾಲು ಕಟ್ಟಿಸಿ ಟ್ರಸ್ಟಿಗೆ ಬಿಟ್ಟು ಹೋಗಿದ್ದಾರೆ. ಆಗ ಅದು ಊರ ಹೊರಗಿತ್ತಂತೆ. ಈಗ ಸುತ್ತಲೂ ಡಾಕ್ಟರು, ವಕೀಲರು, ಬೀಜದ ವ್ಯಾಪಾರಿಗಳ ಬಂಗಲೆಗಳು ಎದ್ದಿವೆ. ಅಗಲವಾದ ರಸ್ತೆ, ಹೊಂಗೆಯ ಮರಗಳು, ಎದುರಿಗೆ ಬಯಲು, ಹತ್ತು ಹೆಜ್ಜೆಗೆ ಆಸ್ಪತ್ರೆ. ಇವುಗಳ ನಡುವೆ ನಮ್ಮ ಹೆಂಚಿನ ಸಾಲು. ಹೊರಗಿನ ಬಾಡಿಗೆಯ ಕಾಲುಭಾಗವೂ ಇಲ್ಲಿ ಕೊಡಬೇಕಿಲ್ಲ. ಒಂದು ಮನೆ ಖಾಲಿಯಾದರೆ ರಜಿಸ್ಟರಿನಲ್ಲಿ ಮುಂದೆ ಯಾರ ಹೆಸರಿದೆಯೋ ಅವರಿಗೆ. ನೋಡಿಕೊಳ್ಳುವವರು ಆ ಸಾಹುಕಾರರ ಮೊಮ್ಮಗ, ಎಪ್ಪತ್ತು ದಾಟಿದ ಧರ್ಮದರ್ಶಿಗಳು. ಅವರನ್ನೂ ನಾವು ಸಾವ್ಕಾರ್ರು ಎಂದೇ ಕರೆಯುತ್ತೇವೆ. ಮಾತು ಕಡಿಮೆ, ನಿಯಮ ಜಾಸ್ತಿ. ಜಾತಿ ಮತ ಮಾತ್ರ ಕೇಳಿದವರಲ್ಲ. ಹತ್ತಿ ಹಿಂಜುತ್ತಿದ್ದ ಪಿಂಜಾರರ ಕುಟುಂಬವೊಂದು ಈ ಸಾಲಿನ ಮೊದಲ ಬಾಡಿಗೆದಾರರಲ್ಲಿ ಒಂದಾಗಿತ್ತು ಎಂದು ಅವರೇ ನನಗೆ ಒಮ್ಮೆ ಹೇಳಿದ್ದರು. ಈ ಸಂಗತಿ ನನಗೆ ಗೊತ್ತಿತ್ತು, ಅಕ್ಕೋರಿಗೆ ಗೊತ್ತಿರಲಿಲ್ಲ. ಇದನ್ನು ಓದುವವರು ಅಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಅಕ್ಕೋರು ಬ್ಯಾಡಗಿಯವರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುವುದು, ಸಂಜೆ ಬಸ್ಸಿನಲ್ಲಿ ಹೋಗುವುದು. ಮೆಣಸಿನಕಾಯಿ ಸೀಜನ್ನಿನಲ್ಲಿ ಅವರು ಸ್ಟಾಫ್ ರೂಮಿಗೆ ಕಾಲಿಟ್ಟರೆ ಸಮಾಜವಿಜ್ಞಾನದ ಮೇಷ್ಟ್ರು ಸೀನುತ್ತಿದ್ದರು. ಸೆರಗಿಗೆ ಅಂಟಿಕೊಂಡು ಬಂದ ಘಾಟು ಅಷ್ಟಿರುತ್ತಿತ್ತು. ಅಕ್ಕೋರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ಬಸ್ಸಿನ್ಯಾಗ ಯಾರು ಕೆಮ್ಮತಾರ ನೋಡಿ ಪರಊರವರು ಯಾರು ಅಂತ ಹೇಳ್ತೇನ್ರಿ ನಾ. ನಮ್ಮೂರವರು ಕೆಮ್ಮಂಗಿಲ್ಲ" ಅನ್ನುತ್ತಿದ್ದರು. ಆಮೇಲೆ ಸ್ವಲ್ಪ ತಡೆದು, "ನಮ್ಮ ಅಮ್ಮ ಒಬ್ಬಾಕಿನ ಬಿಟ್ಟು" ಎಂದು ಸೇರಿಸುತ್ತಿದ್ದರು.

ಕಲಿಸುವುದರಲ್ಲಿ ಅವರದೊಂದು ಪದ್ಧತಿಯಿತ್ತು. ಉತ್ತರ ಬಾರದ ಮಕ್ಕಳನ್ನು ನಾವೆಲ್ಲ ನಿಲ್ಲಿಸುತ್ತೇವೆ. ಅವರು ಮಗುವನ್ನು ಕೂರಿಸಿ ತಾವು ಅದರ ಬೆಂಚಿನ ಪಕ್ಕ ನಿಲ್ಲುತ್ತಿದ್ದರು. "ನೀ ಕುಂದ್ರು. ನಿನಗ ಉತ್ತರ ಹೊಳಿಯೋತನಕ ನಾ ನಿಂದರತೇನಿ. ನನ್ನ ಮೊಣಕಾಲು ನೋಯ್ತಾವು, ಲಗೂ ವಿಚಾರ ಮಾಡು" ಅನ್ನುತ್ತಿದ್ದರು. ಇಡೀ ತರಗತಿ ಆ ಮಗುವಿಗೆ ಪಿಸುಮಾತಿನಲ್ಲಿ ಉತ್ತರ ಹೇಳಿಕೊಟ್ಟು ಅಕ್ಕೋರ ಮೊಣಕಾಲು ಉಳಿಸುತ್ತಿತ್ತು. ಇದು ಕಾಪಿಯಲ್ಲವೇ ಎಂದು ನಾನು ಛೇಡಿಸಿದರೆ, "ಒಬ್ಬನ ಸಲುವಾಗಿ ನಲವತ್ತು ಮಂದಿ ಓದಿಕೊಂಡ ಬರ್ತಾರಲ್ರಿ, ಅದು ಸಣ್ಣದೇನು" ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅಕ್ಕೋರ ತಂದೆ ಬೇಗ ತೀರಿಹೋದರು. ತಾಯಿ ನಲವತ್ತು ವರ್ಷ ಗೋದಾಮಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು. ತಂಗಿಯ ಮದುವೆಯಾಯಿತು. ಇವರು ಮದುವೆಯ ಮಾತು ಬಂದಾಗಲೆಲ್ಲ ಏನೋ ಒಂದು ನೆವ ತೆಗೆದು ತಾಯಿಯ ಜೊತೆಗೇ ಉಳಿದರು. ಅವರ ಮನೆಯಿದ್ದದ್ದು ಗೋದಾಮಿನ ಹಿಂದಿನ ಗಲ್ಲಿಯಲ್ಲಿ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಘಾಟು. ತಾಯಿಗೆ ಉಬ್ಬಸ ಹಿಡಿದು, ವರ್ಷದಿಂದ ವರ್ಷಕ್ಕೆ ಹೆಚ್ಚಾಗಿ, ಕೊನೆಗೆ ಡಾಕ್ಟರು ಔಷಧಿ ಚೀಟಿ ಬರೆಯುವುದನ್ನು ನಿಲ್ಲಿಸಿ ಒಂದೇ ಮಾತು ಹೇಳಿದರಂತೆ: "ಮದ್ಲ ಇವರನ್ನ ಈ ಗಾಳಿಯಿಂದ ಹೊರಗ ಒಯ್ರಿ."

ಅಲ್ಲಿಂದ ಅಕ್ಕೋರ ಮನೆ ಹುಡುಕಾಟ ಶುರುವಾಯಿತು. ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಹೋಗುವ ಮುಂಚೆ ಒಂದು ಗಂಟೆ ಈ ಊರಿನ ರಸ್ತೆಗಳಲ್ಲಿ ತಲೆಯೆತ್ತಿಕೊಂಡು ನಡೆಯುವುದು, 'ಮನೆ ಬಾಡಿಗೆಗಿದೆ' ಎಂಬ ಹಲಗೆ ಕಂಡಲ್ಲಿ ನಿಲ್ಲುವುದು. ಎಷ್ಟೋ ದಿನ ನಾನೂ ಜೊತೆಗೆ ಹೋಗಿದ್ದೇನೆ. ಮನೆಯೊಡತಿ ಬಾಗಿಲಿಗೆ ಬಂದು ಬರ್ರಿ, ಕುಂದ್ರಿ ಅನ್ನುವರು. ನೀರು ಕೊಡುವರು. ಯಾವ ಶಾಲೆ, ಏನು ಕಲಿಸುತ್ತೀರಿ ಎಂದು ಕೇಳುವರು. ಕೊನೆಗೆ ಹೆಸರು ಕೇಳುವರು. ಹೆಸರು ಕೇಳಿದ ಮೇಲೆ ಆ ಮನೆಗೆ ಅವರ ತಮ್ಮನ ಸಂಸಾರ ಬರುವುದು ಅವರಿಗೆ ಆಗಲೇ ನೆನಪಾಗುತ್ತಿತ್ತು.

ಕೆಲವು ತಿಂಗಳ ನಂತರ ಅಕ್ಕೋರು ಕ್ರಮ ಬದಲಿಸಿದರು. ಗೇಟಿನ ಹೊರಗೇ ನಿಂತು, ನಮಸ್ಕಾರ ಹೇಳಿ, ಮೊದಲು ತಮ್ಮ ಹೆಸರು ಹೇಳಿಬಿಡುವರು. ಆಮೇಲೆ ಮನೆಯ ವಿಚಾರ. ಯಾಕೆ ಹೀಗೆ ಎಂದು ಕೇಳಿದೆ.

"ಚಪ್ಪಲಿ ಬಿಡೋ ಕೆಲಸ ಉಳೀತೈತ್ರಿ ಸರ" ಅಂದರು.

ನಿಮ್ಮವರ ಓಣಿಗಳಲ್ಲಿ ಮನೆ ಸಿಗುತ್ತದಲ್ಲ ಎಂದು ಹೆಡ್‌ಮಾಸ್ತರರು ಒಮ್ಮೆ ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅಕ್ಕೋರೂ ಸಿಟ್ಟಾಗಲಿಲ್ಲ. "ಸಿಗತಾವ್ರಿ, ನೋಡಿ ಬಂದೇನಿ. ಒಂದರ ಬಾಜೂಕ ಗ್ಯಾರೇಜ್ ಐತಿ, ಒಂದರ ಹಿಂದ ಬೇಕರಿ ಭಟ್ಟಿ. ಅಲ್ಲಿ ಮನಿ ಸಿಗತಾವ್ರಿ, ಗಾಳಿ ಸಿಗಂಗಿಲ್ಲ. ಗಾಳಿ ಇದ್ದಲ್ಲಿ ಬಾಡಿಗೆ ನನ್ನ ಪಗಾರಕ್ಕಿಂತ ದೊಡ್ಡದೈತಿ" ಅಂದರು. ಹೆಡ್‌ಮಾಸ್ತರರು ಹಾಜರಿ ಪುಸ್ತಕ ತಿರುವಿದರು.

ಧರ್ಮದ ಮನೆಗೆ ಅರ್ಜಿ ಹಾಕಿ ಎಂದು ಹೇಳಿದವನು ನಾನೇ. ಅರ್ಜಿ ಬರೆಸಿ, ಸಾವ್ಕಾರ್ರ ಕೈಗೆ ಮುಟ್ಟಿಸಿ, ರಜಿಸ್ಟರಿನಲ್ಲಿ ಹೆಸರು ಏರಿಸಿಕೊಂಡು ಬಂದವನೂ ನಾನೇ. ಎರಡು ವರ್ಷ ಕಾದ ಮೇಲೆ ಅವರ ಹೆಸರು ಮೇಲಕ್ಕೆ ಬಂತು. ಏಳನೆಯ ಮನೆಯವರು ದಾವಣಗೆರೆಗೆ ಹೋಗುವವರಿದ್ದರು. ಸಾವ್ಕಾರ್ರು ನನ್ನನ್ನು ಕರೆದು, "ಆ ಅಕ್ಕೋರಿಗೆ ಹೇಳು, ಮನಿ ನೋಡಿಕೊಂಡ ಹೋಗಲಿ. ಅಮಾಸಿ ಆದ ಮ್ಯಾಲ ಪತ್ರ ಕೊಡೂಣು" ಅಂದರು.

ಆ ಭಾನುವಾರ ಅಕ್ಕೋರು ತಾಯಿಯನ್ನು ಕರೆದುಕೊಂಡು ಬಂದರು. ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ಓಣಿಯ ತುದಿಯ ತನಕ ಬಂದು ಅಲ್ಲಿಂದ ನಡೆದರು. ತಾಯಿ ಕಪ್ಪು ಬುರ್ಖಾದಲ್ಲಿ ಸಣ್ಣಗೆ ಬಾಗಿ, ಮೂರು ಮನೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ ಬರುತ್ತಿದ್ದರು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಯಾರು ಹೊಸಬರು ಬಂದರೂ ನಮ್ಮ ಓಣಿಯಲ್ಲಿ ಹಾಗೆಯೇ ನೋಡುತ್ತಾರೆ. ನಾನು ಬಂದಾಗಲೂ ನೋಡಿದ್ದರು. ತಾಯಿ ಮನೆಯೊಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತು ಮುಖದ ಮೇಲಿನ ಬಟ್ಟೆ ಸರಿಸಿ ಬಯಲಿನ ಕಡೆಗೆ ನೋಡಿದರು.

"ಇಲ್ಲಿ ಉಸಿರು ತಾನ ಬರತೈತಿ ನೋಡಪಾ. ಕರಿಯೋದ ಬ್ಯಾಡ" ಎಂದರು ನನಗೆ.

ಹೋಗುವಾಗ ಅಕ್ಕೋರು ನನ್ನ ಹೆಂಡತಿಯ ಕೈಯಲ್ಲಿ ಒಂದು ಬಟ್ಟೆಯ ಚೀಲ ಇಟ್ಟರು. ಎರಡು ಕಿಲೋ ಬ್ಯಾಡಗಿ ಮೆಣಸಿನಕಾಯಿ, ಕಡುಗೆಂಪು, ಸುಕ್ಕು ಸುಕ್ಕು. ಬ್ಯಾಡಗಿಯವರು ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ, ಮತ್ತು ಅವರ ಕೈಯಲ್ಲಿ ಇರುವುದು ಇದೇ. ಸೀಜನ್ನಿಗೊಮ್ಮೆ ಶಾಲೆಯಲ್ಲಿ ನಮಗೆಲ್ಲರಿಗೂ ಅವರು ಹೀಗೆ ಕೊಡುತ್ತಿದ್ದರು.

ಇಲ್ಲಿ ನನ್ನ ಬುದ್ಧಿ ಕೆಲಸ ಮಾಡಿತು. ಅಥವಾ ಕೈಕೊಟ್ಟಿತು. ಹೆಂಡತಿ ಅರ್ಧ ಡಬ್ಬಿಗೆ ಹಾಕಿಕೊಂಡಳು. ಉಳಿದರ್ಧವನ್ನು ಅದೇ ಚೀಲದಲ್ಲಿ ಕಟ್ಟಿಕೊಂಡು ಮರುದಿನ ನಾನು ಸಾವ್ಕಾರ್ರ ಮನೆಗೆ ಹೋದೆ. ಮನೆ ಕೊಡುವ ಹಿರಿಯರು, ಒಂದಿಷ್ಟು ಒಳ್ಳೆಯ ಮೆಣಸಿನಕಾಯಿ ಮುಟ್ಟಿಸಿದರೆ ಅಕ್ಕೋರ ಬಗ್ಗೆ ಅವರಿಗೂ ಒಳ್ಳೆಯದೆನಿಸುತ್ತದೆ ಎಂದುಕೊಂಡೆ. ಅಕ್ಕೋರು ಕೊಡಲು ಹೇಳಿರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ.

ಸಾವ್ಕಾರ್ರು ಚೀಲ ನೋಡಿದರು. ಮುಟ್ಟಲಿಲ್ಲ. "ಯಾರು ಕೊಟ್ಟಾರ?" ಎಂದು ಕೇಳಿದರು.

"ಬ್ಯಾಡಗಿ ಅಕ್ಕೋರು ಕೊಟ್ಟಾರ್ರಿ" ಅಂದೆ.

ಅವರು ಹೂಂ ಅಂದು ಪೇಪರು ಎತ್ತಿಕೊಂಡರು. ನಾನು ಖುಷಿಯಾಗಿ ಮನೆಗೆ ಬಂದೆ.

ನಮ್ಮ ಸಾಲಿನ ಮೊದಲ ಮನೆಯ ಗೋಡೆಗೆ ಒಂದು ನಿಯಮದ ಹಲಗೆ ಇದೆ. ಅರ್ಜಿದಾರರು ಧರ್ಮದರ್ಶಿಗಳಿಗೆ ಯಾವುದೇ ವಸ್ತು ಕೊಟ್ಟಲ್ಲಿ ಮೂರು ವರ್ಷ ಅರ್ಜಿ ರದ್ದು. ಬಾಡಿಗೆದಾರರು ಅರ್ಜಿದಾರರ ಪರವಾಗಿ ತಾವಾಗಿಯೇ ಕೊಟ್ಟಲ್ಲಿ ಮನೆ ಬಿಡತಕ್ಕದ್ದು. ಹಿಂದೆ ಜನ ತುಪ್ಪ, ಬೆಲ್ಲ ತಂದು ಸಾಲಿನಲ್ಲಿ ಮುಂದೆ ನುಗ್ಗುತ್ತಿದ್ದರಂತೆ. ಅದಕ್ಕಾಗಿ ಹಿರಿಯ ಸಾಹುಕಾರರು ಮಾಡಿದ ನಿಯಮ. ಆ ಹಲಗೆಯ ಬಣ್ಣ ಮಾಸಿದಾಗ ಹೊಸದಾಗಿ ಬರೆದುಕೊಟ್ಟವನು ನಾನು. ಒಂದೊಂದು ಅಕ್ಷರದ ತಲೆಕಟ್ಟು ಸರಿಯಿದೆಯೇ, ಒತ್ತಕ್ಷರ ಸಾಲಿಗೆ ಕೂತಿದೆಯೇ ಎಂದು ಮೂರು ದಿನ ನೋಡಿದ್ದೇನೆ. ಚಿತ್ರಕಲೆಯವನಿಗೆ ಅಕ್ಷರ ಎಂದರೆ ಗೆರೆ ಮತ್ತು ತಿರುವು. ಅದರೊಳಗೆ ಏನು ಹೇಳಿದೆ ಎಂದು ನಾನು ಓದಿರಲೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ನನ್ನ ಹೆಂಡತಿ ಇವತ್ತಿಗೂ ನಂಬಿಲ್ಲ.

ಅಮಾವಾಸ್ಯೆಯ ಮರುದಿನ ಅಕ್ಕೋರಿಗೆ ಪತ್ರ ಬಂತು. ನಿಯಮಾನುಸಾರ ತಮ್ಮ ಅರ್ಜಿಯನ್ನು ರದ್ದುಪಡಿಸಲಾಗಿದೆ, ಮೂರು ವರ್ಷಗಳ ನಂತರ ಪುನಃ ಪರಿಗಣಿಸಲಾಗುವುದು. ಅಷ್ಟೇ. ಕಾರಣ ಬರೆದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅದನ್ನು ಓದಿ, ನಾಲ್ಕಾಗಿ ಮಡಿಸಿ, ಪರ್ಸಿನೊಳಗಿಟ್ಟುಕೊಂಡು ತರಗತಿಗೆ ಹೋದರು. ಯಾಕೆ ಹೀಗಾಯಿತು ಎಂದು ಯಾರನ್ನೂ ಕೇಳಲಿಲ್ಲ. ಅಷ್ಟು ಮನೆಗಳ ಗೇಟಿನಲ್ಲಿ ನಿಂತು ಬಂದವರಿಗೆ ಕಾರಣ ಕೇಳುವ ಅವಶ್ಯಕತೆಯೇ ಕಂಡಿರಲಿಕ್ಕಿಲ್ಲ.

ಆ ಹಲಗೆಯನ್ನು ಮೊದಲ ಸಲ ಓದಿ, ನಾನು ಓಡಿದೆ ಸಾವ್ಕಾರ್ರ ಹತ್ತಿರ. ಚೀಲ ಇನ್ನೂ ನಾನಿಟ್ಟ ಜಾಗದಲ್ಲೇ ಇತ್ತು.

"ಅಕ್ಕೋರು ನಿಮಗಂತ ಕೊಟ್ಟಿದ್ದಲ್ರಿ. ನಮ್ಮ ಮನಿಗೆ ಕೊಟ್ಟಿದ್ದನ್ನ ನಾನ ತಂದೇನಿ" ಅಂದೆ.

ಸಾವ್ಕಾರ್ರು ನನ್ನನ್ನು ಕುಳಿತುಕೊಳ್ಳಲು ಹೇಳಿದರು. "ಖರೇ ಇರಬಹುದು. ಹಂಗಾದ್ರ ಅದನ್ನ ಬರದು ಸಹಿ ಮಾಡಿ ಕೊಡು. ಅಕ್ಕೋರ ಅರ್ಜಿ ಇವತ್ತ ಮತ್ತ ಚಾಲೂ ಮಾಡತೇನಿ, ಏಳನೇ ಮನಿ ಅವರಿಗೇ. ಆದ್ರ ಎರಡನೇ ನಿಯಮ ನಿನಗ ಬರತೈತಿ. ನೀ ಮನಿ ಬಿಡಬೇಕಾಗತೈತಿ. ನಾನು ಇಬ್ಬರಿಗೆ ಬ್ಯಾರೆ ಬ್ಯಾರೆ ನ್ಯಾಯ ಮಾಡಾಕ ಬರಂಗಿಲ್ಲ."

ಒಂದು ಕಾಗದ, ಒಂದು ಪೆನ್ನು ನನ್ನ ಮುಂದೆ ಇಟ್ಟು ಅವರು ಸ್ನಾನಕ್ಕೆ ಹೋದರು. ನಾನು ಆ ಕಾಗದದ ಮುಂದೆ ಕುಳಿತಿದ್ದೆ. ದೊಡ್ಡ ಮಗಳು ಆಗ ಹತ್ತನೆಯ ತರಗತಿ, ಚಿಕ್ಕವಳು ಏಳನೆಯದು. ಹೆಂಡತಿ ಅಂಗಳದಲ್ಲಿ ಕರಿಬೇವು ಹಚ್ಚಿದ್ದಳು. ಇವನ್ನೆಲ್ಲ ಎತ್ತಿಕೊಂಡು ನಾನು ಯಾವ ಗೇಟಿನ ಮುಂದೆ ಹೋಗಿ ನಿಲ್ಲಲಿ? ನನ್ನ ಹೆಸರಿಗೆ ಯಾರೂ ಬಾಗಿಲು ಹಾಕುತ್ತಿರಲಿಲ್ಲ, ನಿಜ. ನನ್ನ ಸಂಬಳಕ್ಕೆ ಹಾಕುತ್ತಿದ್ದರು. ಸಾವ್ಕಾರ್ರು ಬರುವುದರೊಳಗೆ ನಾನು ಎದ್ದು ಬಂದೆ. ಕಾಗದ ಖಾಲಿ ಇತ್ತು. ಅವರು ಆಮೇಲೆ ಯಾವತ್ತೂ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಏಳನೆಯ ಮನೆಗೆ ಕುಮಾರಪಟ್ಟಣದ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಸಂಸಾರ ಬಂತು.

ಮೂರು ವರ್ಷ. ಕೇಳುವುದಕ್ಕೆ ದೊಡ್ಡದಲ್ಲ. ಅಕ್ಕೋರು ಬೇರೆ ಕಡೆ ಮನೆ ಹುಡುಕುವುದನ್ನು ಬಿಡಲಿಲ್ಲ. ನಾನು ಜೊತೆಗೆ ಹೋಗುವುದನ್ನು ಮಾತ್ರ ಕಡಿಮೆ ಮಾಡಿದೆ, ಏನೇನೋ ಕೆಲಸದ ನೆಪ ಹೇಳಿ. ಸೀಜನ್ನು ಬಂದಾಗ ಅವರು ರಜೆ ಹಾಕುತ್ತಿದ್ದರು. ತಾಯಿಯ ಮೂಗಿಗೆ ಹಬೆಯ ಮಷಿನ್ನು ಹಿಡಿದುಕೊಂಡು ಕೂರಲು ಇನ್ನೊಬ್ಬರು ಇರಲಿಲ್ಲ. ತಿರುಗಿ ಬಂದಾಗ ಕಣ್ಣಿನ ಕೆಳಗೆ ಕಪ್ಪಾಗಿರುತ್ತಿತ್ತು. ಹೇಗಿದ್ದಾರೆ ಎಂದು ಕೇಳಿದರೆ "ಅದಾರ್ರಿ" ಅನ್ನುವರು. ಒಂದು ದಿನ, ನಾನು ಕೇಳದೆಯೇ ಹೇಳಿದರು.

"ನಿಮ್ಮ ಓಣಿ ಮಂದಿ ಮ್ಯಾಲ ನನಗ ಸಿಟ್ಟಿಲ್ರಿ ಸರ. ಅವರಿಗೂ ಅವರ ಅಂಜಿಕಿ ಇರತಾವು. ಆದ್ರ ನೋಡಾಕ ಕರದು ಆಮ್ಯಾಲ ಬ್ಯಾಡ ಅಂದ್ರಲ್ಲ, ಅದು ಒಂದು ಮನಸಿಗೆ ಹತ್ತೇತಿ."

ಓಣಿಯ ಜನ ಏನೂ ಅಂದಿಲ್ಲ ಎಂದು ಹೇಳಲು ನಾಲಿಗೆಯ ತುದಿಯ ತನಕ ಬಂತು. ಹೇಳಿದರೆ ಮುಂದಿನ ಪ್ರಶ್ನೆ, ಮತ್ತ್ಯಾಕ ರದ್ದಾತು ಎಂಬುದು. ಆ ಪ್ರಶ್ನೆಗೆ ಉತ್ತರ ನನ್ನ ಮನೆಯ ಬಾಗಿಲಿಗೆ ಬರುತ್ತಿತ್ತು. ಸುಮ್ಮನಿದ್ದೆ. ಸುಮ್ಮನಿರುವುದು ಎಷ್ಟು ಸುಲಭ ಎಂದರೆ, ಒಂದು ದಿನ ಇದ್ದರೆ ಮರುದಿನ ಅದೇ ರೂಢಿಯಾಗುತ್ತದೆ.

ಮೂರನೆಯ ವರ್ಷದ ಸೀಜನ್ನಿನಲ್ಲಿ ತಾಯಿ ತೀರಿಕೊಂಡರು. ಶಾಲೆಯಿಂದ ನಾವು ನಾಲ್ವರು ಹೋಗಿದ್ದೆವು. ಬಸ್ಸಿಳಿದು ಬಂದ ನಾವು ನಾಲ್ವರೂ ಆ ಗಲ್ಲಿಯಲ್ಲಿ ಕೆಮ್ಮುತ್ತಿದ್ದೆವು. ಸಾವಿನ ಮನೆಗೆ ಬಂದವರು ಅಳಬೇಕಾದಲ್ಲಿ ಕೆಮ್ಮುತ್ತ ನಿಂತೆವು. ಅಕ್ಕೋರೇ ನಮಗೆ ನೀರು ತಂದುಕೊಟ್ಟರು.

ನಾಲ್ಕು ತಿಂಗಳ ಮೇಲೆ ಮೂರು ವರ್ಷದ ಗಡುವು ಮುಗಿಯಿತು. ಎಲೆಕ್ಟ್ರಿಷಿಯನ್ ಸ್ವಂತ ಮನೆ ಕಟ್ಟಿಕೊಂಡು ಹೋದ. ಸಾವ್ಕಾರ್ರು ಪತ್ರ ಬರೆಸಿ ನನ್ನ ಕೈಯಲ್ಲೇ ಕೊಟ್ಟು ಕಳಿಸಿದರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಪಾಪ, ಯಾರಿಗಾಗಿ ಕೇಳಿದ್ದರೋ ಅವರೇ ಇಲ್ಲ, ಇನ್ನು ಬೇಡವೆನ್ನುತ್ತಾರೆ ಎಂದು ಎಲ್ಲರೂ ತೀರ್ಮಾನ ಮಾಡಿ, ಮರುಗಿ, ರಜಿಸ್ಟರಿನಲ್ಲಿ ಮುಂದಿನ ಹೆಸರು ಯಾರದು ಎಂದು ನನ್ನನ್ನು ವಿಚಾರಿಸಿದ್ದೂ ಆಯಿತು.

ಅಕ್ಕೋರು ಪತ್ರ ಎರಡು ಸಲ ಓದಿದರು.

"ಬರ್ತೇನ್ರಿ" ಅಂದರು. ನಾವು ನೋಡುತ್ತಿರುವುದನ್ನು ಕಂಡು, "ಯಾಕ್ರಿ, ನಾನೂ ಉಸಿರಾಡತೇನಲ್ಲ" ಅಂದರು.

ಆ ಮಾತು ನನಗೆ ಬಹಳ ಹಿಡಿಸಿತು. ತ್ಯಾಗ ಮಾಡುತ್ತಾರೆ ಎಂದು ನಾವೆಲ್ಲ ಶಾಲು ಹೊದಿಸಲು ಸಿದ್ಧರಾಗಿ ಕುಳಿತಿದ್ದರೆ, ಅವರು ತಮಗೆ ಬರಬೇಕಾದದ್ದನ್ನು ತೆಗೆದುಕೊಂಡರು.

ಏಳನೆಯ ಮನೆಯಲ್ಲಿ ಎರಡು ವರ್ಷ ಇದ್ದರು. ಒಳ್ಳೆಯ ನೆರೆಯವರು ಎಂದು ಓಣಿಯಲ್ಲಿ ಯಾರೂ ಹೇಳುವುದಿಲ್ಲ. ಗಂಗಾಳ, ಸಕ್ಕರೆ, ಮೊಸರಿನ ಹೆಪ್ಪು, ಏನೂ ಕೇಳಿದವರಲ್ಲ. ಕರೆದರೆ ನಗುತ್ತಿದ್ದರು, ಹೋಗುತ್ತಿರಲಿಲ್ಲ. ನಲ್ಲಿಗೆ ಎಲ್ಲರದೂ ಮುಗಿದ ಮೇಲೆ ಬರುತ್ತಿದ್ದರು, ನೀರು ನಿಲ್ಲುವ ಹೊತ್ತಿಗೆ. "ಅಕ್ಕೋರಿಗೆ ಭಾರೀ ಸೊಕ್ಕ ಐತಿ ಬಿಡವಾ" ಎಂದು ಹೆಂಗಸರು ಆಡಿಕೊಂಡರು. ನಮ್ಮ ಮನೆಗೆ ಮಾತ್ರ ಬಂದು ಕೂರುತ್ತಿದ್ದರು. ಅದಕ್ಕೂ ಹೆಂಗಸರಿಗೆ ಸಿಟ್ಟು. ನನ್ನ ಹೆಂಡತಿ ಒಮ್ಮೆ ಕೇಳಿಯೇಬಿಟ್ಟಳು, ಎಲ್ಲರ ಮನೆಗೂ ಒಂದೊಂದು ಸಲ ಹೋಗಿಬರಬಾರದೇ ಎಂದು.

"ನನ್ನ ಬ್ಯಾಡ ಅಂದವರ ಹೊಸ್ತಿಲಕ್ಕ ನಾ ಹೆಂಗ ಹೋಗ್ಲಿ ವೈನಿ? ಬಾಡಿಗೆ ಕಟ್ಟತೇನಿ, ಇರತೇನಿ, ಅಷ್ಟ. ನಿಮ್ಮ ಮನೀದು ಬ್ಯಾರೆ. ಸರ ಒಬ್ರ ನನ್ನ ಪರ ನಿಂತಿದ್ರು" ಅಂದರು.

ನಾನು ಒಳಗಿನ ಕೋಣೆಯಲ್ಲಿ ಮಕ್ಕಳ ಚಿತ್ರಗಳಿಗೆ ಅಂಕ ಹಾಕುತ್ತಿದ್ದೆ. ಅವತ್ತು ಎಲ್ಲ ಮಕ್ಕಳಿಗೂ ಕೈಗೆ ಬಂದಷ್ಟು ಅಂಕ ಹಾಕಿದೆ.

ಧರ್ಮದ ಮನೆಗಳು ದುಡಿಯುವವರಿಗೆ. ನಿವೃತ್ತಿಯಾದವರು ಬಿಡಬೇಕು, ಅದೂ ಹಲಗೆಯ ಮೇಲಿದೆ. ಮನೆ ಬಿಡುವ ಕೊನೆಯ ವಾರದಲ್ಲಿ ಅಕ್ಕೋರು ಓಣಿಯ ಒಂದೊಂದೇ ಮನೆಗೆ ಹೋಗಿ, ಕುಳಿತು, ಕೊಟ್ಟಿದ್ದನ್ನು ತಿಂದು, ಹೆಂಗಸರ ಕೈ ಹಿಡಿದು ಮಾತಾಡಿಸಿ ಬಂದರು. ಹೋಗುವ ಮುಂದೆ ಬುದ್ಧಿ ಬಂತು ಎಂದು ಹೆಂಗಸರು ಕಣ್ಣೊರೆಸಿಕೊಂಡರು. ನಮ್ಮ ಮನೆಯೊಂದಕ್ಕೆ ಅವರು ಬರಲಿಲ್ಲ. ಯಾಕೆಂದು ಹೆಂಡತಿ ಈಗಲೂ ಕೇಳುತ್ತಾಳೆ.

ಅದಕ್ಕೂ ಮುಂಚೆ, ಬೀಳ್ಕೊಡುಗೆಯ ದಿನ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಶಾಲೆಯ ಸಭಾಂಗಣದಲ್ಲಿ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಮಾತಾಡಿ ಎಂದರು. ಇಷ್ಟು ವರ್ಷ ಮಾತು ಕಲಿಸಿದವರು ಮೈಕಿನ ಮುಂ‍ದೆ ಎರಡೇ ನಿಮಿಷ ನಿಂತರು. "ಬಹಳ ಮಂದಿ ಋಣ ನನ್ನ ಮ್ಯಾಲ ಐತ್ರಿ, ಹೇಳಾಕ ಹೋದ್ರ ಸಂಜೀ ಆಗತೈತಿ. ಒಬ್ಬರ ಹೆಸರು ಹೇಳತೇನಿ. ನಮ್ಮ ಅಮ್ಮಗ ಈ ಊರಾಗ ಒಂದು ಮನಿ ಸಿಗಲಿ ಅಂತ ಕಾಲು ಸವಸಿದವರು ಚಿತ್ರದ ಸರ. ಎಲ್ಲಾರೂ ಬ್ಯಾಡ ಅಂದಾಗ ಅವರು ಬ್ಯಾಡ ಅನಲಿಲ್ಲ." ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ಹೊಡೆದರು. ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿದರು. ನನಗೆ ಅಲ್ಲಿ ಕೂರುವುದು ಆಗಲಿಲ್ಲ.

ಮಧ್ಯಾಹ್ನ ಇಬ್ಬರೂ ನಡೆದು ಮನೆಗೆ ಹೊರಟೆವು. ಹಣ್ಣಿನ ತಟ್ಟೆ ನಾನು ಹಿಡಿದುಕೊಂಡಿದ್ದೆ. ನೀರಿನ ಟ್ಯಾಂಕಿನ ಹತ್ತಿರ ನಿಂತು, ಅಕ್ಕೋರ, ನಿಮಗೊಂದು ಹೇಳೋದೈತಿ ಅಂದೆ. ಹೇಳಿದೆ. ಚೀಲ, ಹಲಗೆ, ಸಾವ್ಕಾರ್ರು ಮುಂದಿಟ್ಟ ಕಾಗದ, ನಾನು ಎದ್ದು ಬಂದದ್ದು. ಹಿಂದಿನದು ಮುಂದಾಗಿ, ಮುಂದಿನದು ಹಿಂದಾಗಿ ಹೇಳಿದೆ.

"ಓಣಿಯವರು ಏನೂ ಅಂದಿರಲಿಲ್ಲೇನ್ರಿ?" ಎಂದು ಕೊನೆಗೆ ಕೇಳಿದರು.

"ಇಲ್ರಿ. ಅಲ್ಲಿ ಅವರನ್ನ ಕೇಳೂ ಪದ್ಧತಿನ ಇಲ್ಲ."

"ಸಾವ್ಕಾರ್ರು?"

"ಅವರು ನಿಮಗ ಕೊಡೂದಂತ ಆಗಿತ್ರಿ. ನಾ ಆ ಚೀಲ ಒಯ್ಯೋತನಕ."

ಬೈಯುತ್ತಾರೆ ಎಂದುಕೊಂಡೆ. ಬೈದರೆ ಸಾಕು ಎಂದು ಮನಸ್ಸು ಹಾತೊರೆಯುತ್ತಿತ್ತು. ಅವರು ಹೆಗಲ ಮೇಲಿನ ಹೊಸ ಶಾಲನ್ನು ತೆಗೆದು ಮಡಿಸುತ್ತ ನಿಂತರು.

"ಮನೀದು ಬಿಡ್ರಿ ಸರ. ನಿಮಗೂ ಎರಡು ಹೆಣ್ಣುಮಕ್ಕಳು. ನಿಮ್ಮ ಜಾಗಾದಾಗ ಇದ್ರ ನಾನೂ ಬಾಯಿ ಮುಚ್ಚಿಕೊಂಡ ಇರತಿದ್ನೋ ಏನೋ."

ಐದು ವರ್ಷದಲ್ಲಿ ಮೊದಲ ಸಲ ನನ್ನ ಎದೆ ಹಗುರಾಯಿತು. ಅದು ಒಂದು ಕ್ಷಣ.

"ಅವತ್ತ ಅಮ್ಮ ಮನಿ ನೋಡಾಕ ಒಲ್ಲೆ ಅಂದಿದ್ಲು. ನಾನ ಜುಲುಮಿ ಮಾಡಿ ಕರಕೊಂಡ ಬಂದೆ. ಪತ್ರ ಬಂದ ಮ್ಯಾಲ ಅಕಿ ಒಂದ ಮಾತು ಹಿಡಕೊಂಡ ಕುಂತ್ಲು. ನನ್ನ ಬುರ್ಖಾ ನೋಡಿ ಅವರು ಬ್ಯಾಡ ಅಂದ್ರು, ನಾ ಬರದಿದ್ರ ನಿನಗ ಮನಿ ಸಿಗತಿತ್ತು ಅಂತ. ಆಮ್ಯಾಲ ಎಲ್ಲಿ ಮನಿ ನೋಡಾಕ ಹೋದ್ರೂ ಅಕಿ ಬಸ್‌ಸ್ಟ್ಯಾಂಡಿನ್ಯಾಗ ಕುಂದ್ರತಿದ್ಲು. ನೀ ಒಬ್ಬಾಕಿನ ಹೋಗಿ ಕೇಳು ಅಂತಿದ್ಲು." ಅವರು ನನ್ನ ಕೈಯಲ್ಲಿದ್ದ ತಟ್ಟೆ ಇಸಿದುಕೊಂಡರು. "ದವಾಖಾನ್ಯಾಗ ಕಡೀ ದಿನಾನೂ ಅದನ್ನ ಅಂದ್ಲು. ನನ್ನಿಂದ ನಿನಗ ಮನಿ ತಪ್ಪಿತು, ಮಾಫ್ ಮಾಡು ಬೇಟಾ ಅಂತ ಕೈ ಹಿಡಕೊಂಡ್ಲು. ಇಲ್ಲಮ್ಮಾ, ನಿನ್ನಿಂದಲ್ಲ ಅನಬೇಕಾಗಿತ್ತು ನಾ. ನನಗೂ ಅದ ಖರೇ ಅನಿಸಿತ್ರಿ ಸರ. ಮಾಫ್ ಮಾಡೇನಿ ಅಂದೆ."